ಬೆಳ್ಳೇಕೆರೆಯ ರಾತ್ರಿಶಾಲೆ

ಮಂಜರಾಬಾದೆಂದು ಸರ್ಕಾರದ ಕಾಗದಪತ್ರಗಳಲ್ಲಿ ಬಹುಕಾಲ ಕರೆಯಿಸಿಕೊಂಡ ಸಕಲೇಶಪುರದ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು, ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯನ್ನು ಮೊದಲು ಹತ್ತಿ, ಅಲ್ಲಿಂದ 1802ರಲ್ಲಿ ಗಲ್ಲಿಗೇರಿದ ಬಲಂ ಸೀಮೆಯ ವೆಂಕಟಾದ್ರಿ ನಾಯಕನ ಕಥೆಗೆ ಇಳಿದು, ಕಡೆಗೆ ಕಾಫಿಯ ಕೃಷಿಯನ್ನೂ ಬೇಟೆಯನ್ನೂ ಕುರಿತು 1894ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಾಬರ್ಟ್ ಎಲಿಯಟ್ಟನಂಥ ಆಂಗ್ಲ ದೊರೆಗಳ ಬಂಗಲೆಯ ಜಗುಲಿಯಲ್ಲಿ ವಿಶ್ರಮಿಸುವುದು ವಾಡಿಕೆ. ಬಂಗಲೆಯ ಹಿಂದಣ ಇಳಿಜಾರಿನಲ್ಲಿ ಸಾಲಾಗಿ ನಿಂತ ಲೈನ್ ಮನೆಗಳವರೆಗೆ ಹೋದವರು ವಿರಳ. ಕನ್ನಡ, ತುಳು, ತಮಿಳುಗಳು ಒಂದೇ ಒಲೆಯ ಸುತ್ತ ಕೇಳಿಬರುವ ಆ ಮನೆಗಳ ನಿವಾಸಿಗಳ ಹೆಸರುಗಳು ದಾಖಲಾದುದು ಬಹುಮಟ್ಟಿಗೆ ಒಂದೇ ಗ್ರಂಥದಲ್ಲಿ, ಅದು ತೋಟದ ಹಾಜರಿ ಪುಸ್ತಕ. ಅದರ ಕರ್ತೃ, ತೋಟದ ರೈಟರು.

ಕಾರ್ತಿಕದಿಂದ ಮಾಘದವರೆಗೆ ಹಣ್ಣಿನ ಕೊಯ್ಲು, ಕಣದಲ್ಲಿ ಬೀಜ ಒಣಗಿಸುವ ಕೆಲಸ. ಆಮೇಲೆ ಹೂಮಳೆಗಾಗಿ ಆಕಾಶವನ್ನು ನೋಡುತ್ತಿರುವುದು. ಮುಂದೆ ಕಂಬಳಿಕೊಪ್ಪೆಯನ್ನು ತಲೆಯಿಂದ ಇಳಿಸಗೊಡದ ನಾಲ್ಕು ತಿಂಗಳ ಮಳೆ. ಇಂಥ ವರ್ಷಚಕ್ರದಲ್ಲಿ ಅಕ್ಷರಕ್ಕೆ ಉಳಿಯುವುದು ರಾತ್ರಿ ಮಾತ್ರ. 1951ರ ತೋಟ ಕಾರ್ಮಿಕರ ಕಾಯಿದೆಯು 6ರಿಂದ 12 ವರ್ಷದ ಮಕ್ಕಳು 25ಕ್ಕೆ ಮೀರಿದ ತೋಟಗಳಲ್ಲಿ ವಿದ್ಯಾಭ್ಯಾಸದ ಅನುಕೂಲವನ್ನು ಕಲ್ಪಿಸಲು ಮಾಲೀಕನನ್ನು ಹೊಣೆ ಮಾಡುವ ನಿಯಮಗಳಿಗೆ ಅವಕಾಶವಿತ್ತಿತು, ದಿಟ. ಆದರೆ ಹನ್ನೆರಡನ್ನು ದಾಟಿ ಕತ್ತಿ ಹಿಡಿದು ತೋಟಕ್ಕಿಳಿದ ಹುಡುಗನ ಮಾತು ಅದರಲ್ಲಿ ಇರಲಿಲ್ಲ. ಬಟವಾಡೆಯ ದಿನ ಅವನು ಒತ್ತಿದ್ದು ಹೆಬ್ಬೆಟ್ಟನ್ನೇ.

ಈ ತೆರಪನ್ನು ಕಂಡವರಲ್ಲಿ ಒಬ್ಬರು ಸಕಲೇಶಪುರ ತಾಲ್ಲೂಕಿನ ರಕ್ಷಿದಿಯವರು, ಆ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ಪ್ರಸಾದ್ ರಕ್ಷಿದಿ. ಕಾಫಿತೋಟದ ಉದ್ಯೋಗದಲ್ಲಿದ್ದುಕೊಂಡೇ ಅವರು ದುಡಿಯುವ ಜನಕ್ಕಾಗಿ ರಾತ್ರಿಶಾಲೆಯನ್ನು ನಡೆಸಿದರು; ಅಕ್ಷರದ ಸಂಗಡವೇ ನಾಟಕವೂ ಬೆಳೆದು, ಪಕ್ಕದ ಬೆಳ್ಳೇಕೆರೆಯ ಜೈ ಕರ್ನಾಟಕ ಸಂಘದ ಹೆಸರು ಘಟ್ಟದ ಆಚೆಗೂ ಪರಿಚಿತವಾಯಿತು. ಆ ಅನುಭವವನ್ನು ‘ಬೆಳ್ಳೇಕೆರೆ ಹಳ್ಳಿ ಥೇಟರ್’ ಎಂಬ ಪುಸ್ತಕವಾಗಿ ಅವರೇ ಬರೆದಿದ್ದಾರೆ.

ಅಕ್ಷರಾಭ್ಯಾಸಕ್ಕಿಂತ ನಾಟಕವೇ ಇಲ್ಲಿ ದೊಡ್ಡ ಉಪಾಧ್ಯಾಯನೆಂದು ನನ್ನ ನಂಬಿಕೆ. ದಿನವಿಡೀ ಬೆನ್ನು ಬಗ್ಗಿಸಿ ಬಂದವನಿಗೆ ಕಾಗುಣಿತವು ನಿದ್ರೆಯ ಔಷಧ. ಅದೇ ಅಕ್ಷರವು ತಾನಾಡಬೇಕಾದ ಮಾತಾದರೆ ಅವನು ಬಿಟ್ಟರೂ ಬಿಡದು. ಇನ್ನೊಂದು ಕಾರಣವೂ ಉಂಟು. ಈ ಸೀಮೆಗೆ ಕುಣಿತ ಹೊಸದಲ್ಲ. ಆಲೂರಿನ ಕಡೆಯ ಕೆಂಚಮ್ಮನ ಹೊಸಕೋಟೆಯ ತಾಯಿಗೆ ನಡೆದುಕೊಳ್ಳುವ ಜನ ಇಲ್ಲಿ ನಾಡೆಲ್ಲ ಇದ್ದಾರೆ, ಸುಗ್ಗಿಯ ಕಾಲದಲ್ಲಿ ಊರೂರಿನ ಬಯಲೂ ಎದ್ದು ಕುಣಿಯುತ್ತದೆ. ಆದರೆ ಸುಗ್ಗಿಯಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಏನನ್ನು ಹೊರಬೇಕು ಎಂಬುದು ಜಾತಿಯಿಂದ, ಮನೆತನದಿಂದ ಪೂರ್ವನಿಶ್ಚಿತವಾದುದು. ರಂಗದ ಮೇಲಾದರೋ ಗೊಬ್ಬರ ಹೊತ್ತವನು ಅರಸನಾಗಬಹುದು, ಅರಸನಾಗಿ ನಿಂತು ಊರ ಪಟೇಲರ ಮನೆಯ ಹುಡುಗನಿಗೆ ಅಪ್ಪಣೆ ಮಾಡಬಹುದು. ಒಮ್ಮೆ ಹಾಗೆ ಮಾತನಾಡಿದ ಕಂಠವು ಮರುದಿನ ಕೂಲಿಯ ಲೆಕ್ಕ ಕೇಳುವಾಗ ಹಿಂದಿನಷ್ಟು ತಗ್ಗುವುದು ಕಷ್ಟ!

ಮಲೆನಾಡಿನ ಹಳ್ಳಿಯ ರಂಗಭೂಮಿಯೆಂದೊಡನೆ 1949ರಲ್ಲಿ ಸ್ಥಾಪಿತವಾದ ಹೆಗ್ಗೋಡಿನ ನೀನಾಸಮ್ ನೆನಪಾಗುವುದು ಸಹಜ, ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದಿತು. ಆದರೆ ಅಡಕೆಯ ಊರಿನ ಜನ ಬಹುಪಾಲು ತಮ್ಮ ನೆಲದಲ್ಲಿ ಬೇರೂರಿದವರು. ಕಾಫಿಯ ಸೀಮೆಯ ಕೂಲಿಯವನು ಇಂದು ಈ ತೋಟ, ನಾಳೆ ಇನ್ನೊಂದು. ಅಂಥವನನ್ನು ಪಾತ್ರಧಾರಿಯನ್ನಾಗಿ ನಚ್ಚಿ ನಾಟಕ ಹೂಡುವುದೇ ಒಂದು ಸಾಹಸ.

ಅದಕ್ಕಿಂತಲೂ ನಾಜೂಕಾದುದು ತೋಟದಲ್ಲಿ ಉದ್ಯೋಗಿಯಾಗಿರುವ ಗುರುವಿನ ಸ್ಥಾನ. ಲೆಕ್ಕದ ಪುಸ್ತಕ ಹಿಡಿದವನು ಮಾಲೀಕನ ಕಣ್ಣಿಗೆ ತನ್ನ ಮನುಷ್ಯ, ಆಳಿನ ಕಣ್ಣಿಗೆ ಅರ್ಧ ದಿನದ ಹಾಜರಿಯನ್ನು ಹೊಡೆದುಹಾಕಬಲ್ಲವನು. ಹೊರಗಿನಿಂದ ಬಂದ ಸೇವಾಸಕ್ತರಿಗೆ ಈ ತೊಡಕಿಲ್ಲ. ಅವರು ಮಳೆ ಹಿಡಿದರೆ ಊರಿಗೆ ಹಿಂತಿರುಗಬಹುದು. ಹಗಲಿನ ಲೆಕ್ಕದಲ್ಲಿ ಮನಸ್ಸು ನೊಂದವನು ರಾತ್ರಿ ಅದೇ ಲೇಖನಿಯವನ ಮುಂದೆ ಸ್ಲೇಟು ಹಿಡಿದು ಕೂರಬೇಕಾದರೆ, ಲೆಕ್ಕವು ನ್ಯಾಯವಾಗಿತ್ತೆಂಬ ನಂಬಿಕೆ ಅವನಿಗೆ ಹಗಲೇ ಹುಟ್ಟಿರಬೇಕು.