ಪೆಟ್ರೋಲ್ ಫಿಲ್ಟರ್ ಎಲ್ಲಿ ಕೂರಬೇಕು? - ಒಂದು ಹಳೇ ಪೋರ್ಷೆಯ ಕಥೆ

ಮೂರು ಶನಿವಾರಗಳಿಂದ ನಾನು ಪಕ್ಕದ ಮನೆಯ ತಾತನ ಗ್ಯಾರೇಜಿನಲ್ಲೇ ಬಿದ್ದುಕೊಂಡಿದ್ದೇನೆ. ಕಾರಣ, ಅಲ್ಲಿ ನಿಂತಿರುವ 1973ರ ಪೋರ್ಷೆ 914. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಬರೆಯೋದು ಜಾವಾ. ಹಾಗಾಗಿ ಸ್ಯಾನ್ ಹೋಸೆಗೆ ಬಂದ ಮೇಲೆ ಸ್ಪ್ಯಾನರ್ ಕೈಗೆ ಕೊಡುವವರು ಸಿಕ್ಕಿದ್ದೇ ಪುಣ್ಯ ಅಂದುಕೊಂಡೆ. (ತಾತ ಅನ್ನೋದು ನನ್ನ ಮನಸ್ಸಿನೊಳಗಿನ ಹೆಸರು. ಎದುರಿಗೆ ಎಲ್ಲರಂತೆ ನಾನೂ ಹೆಸರು ಹಿಡಿದೇ ಕರೆಯೋದು, ಈಗಲೂ ನಾಲಿಗೆ ತಡವರಿಸುತ್ತೆ.)

ಮೊದಲನೇ ಶನಿವಾರ ನನಗೆ ಸಿಕ್ಕಿದ್ದು ಪುಟ್ಟ ಕೆಲಸ: ಪೆಟ್ರೋಲ್ ಫಿಲ್ಟರ್ ಬದಲಾಯಿಸುವುದು. ಹಳೆಯದು ಪಂಪಿನ ಪಕ್ಕದಲ್ಲಿ, ಕೈ ಹೋಗದ ಮೂಲೆಯಲ್ಲಿತ್ತು. ಅದನ್ನು ಕಿತ್ತು ಅಲ್ಲೊಂದು ಪೈಪು ಜೋಡಿಸಿದೆ. ಆಮೇಲೆ ಪಂಪಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಮಧ್ಯದಲ್ಲಿ ಕತ್ತರಿಸಿ, ಅಂಗಡಿಯಿಂದ ತಂದ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರ್ ಕೂರಿಸಿ, ಎರಡು ಕ್ಲಾಂಪ್ ಬಿಗಿದೆ. ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ, ಮುಂದಿನ ಸಲ ಬದಲಾಯಿಸೋದು ಸುಲಭ. ಒಳ್ಳೇ ಡಿಸೈನು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ತಾತನದ್ದೊಂದು ಕ್ರಮ ಇದೆ. ಪೆಟ್ರೋಲ್ ಪೈಪು ಮುಟ್ಟಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡುವ ಹಾಗಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಕೀ ಮಾತ್ರ ಒಂದು ಹಂತ ತಿರುಗಿಸಿ, ನೋಡಬೇಕು. ನಾನು ತಿರುಗಿಸಿದೆ. ಪಂಪು ಗುಂಯ್ ಅಂತ ಒಂದೂವರೆ ಸೆಕೆಂಡ್ ಓಡಿ ನಿಂತಿತು. ಅಷ್ಟರಲ್ಲೇ ನನ್ನ ಹೊಸ ಫಿಲ್ಟರಿನ ಕುತ್ತಿಗೆಯಲ್ಲಿ ಒಂದು ಹನಿ, ಆಮೇಲೆ ಸೂಜಿಯಷ್ಟು ತೆಳ್ಳಗಿನ ಒಂದು ಚಿಲುಮೆ! ತಾತ ಕೀ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಅದರ ಕೆಳಗೆ ಏನಿದೆ ನೋಡು ಅಂದರು. ಕೆಳಗಿದ್ದದ್ದು ಸೈಲೆನ್ಸರಿಗೆ ಹೋಗುವ ಬಿಸಿ ಗಾಳಿಯ ಕೊಳವೆ, ಅದನ್ನು ಸುತ್ತಿಕೊಂಡ ಹೀಟರಿನ ತಗಡಿನ ಪೆಟ್ಟಿಗೆ. ಇಂಜಿನ್ ತಣ್ಣಗಿತ್ತು ಅಂತ ನಾನಿವತ್ತು ಇದನ್ನು ಬರೀತಾ ಇದೀನಿ.

ಆ ರಾತ್ರಿ ನಿದ್ದೆ ಬರಲಿಲ್ಲ, ಓದುತ್ತಾ ಕೂತೆ. ಒಂದು ಫಿಲ್ಟರ್ ಎಲ್ಲಿ ಕೂರಬೇಕು ಅನ್ನೋ ಪ್ರಶ್ನೆಗೆ ಇಷ್ಟು ಉದ್ದದ ಚರಿತ್ರೆ ಇದೆ ಅಂತ ಗೊತ್ತಿರಲಿಲ್ಲ.

ಮೊದಮೊದಲು ಇದು ತಲೆಬಿಸಿಯ ವಿಷಯವೇ ಅಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟೀ ಕಾರಿನಲ್ಲಿ ಪೆಟ್ರೋಲ್ ಪಂಪೇ ಇರಲಿಲ್ಲ. ಟ್ಯಾಂಕ್ ಸೀಟಿನ ಕೆಳಗೆ, ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ಟ್ಯಾಂಕ್ ಅರೆಬರೆ ಇದ್ದಾಗ ಕಡಿದಾದ ಏರು ಬಂದರೆ ಜನ ರಿವರ್ಸಿನಲ್ಲಿ ಹತ್ತಿಸುತ್ತಿದ್ದರಂತೆ. ನಗಬೇಡಿ, ನಮ್ಮಪ್ಪನ ಬಜಾಜ್ ಚೇತಕ್ಕಿನದೂ ಇದೇ ವ್ಯವಸ್ಥೆ - ಮೇಲೆ ಟ್ಯಾಂಕು, ಕೆಳಗೆ ಕಾರ್ಬುರೇಟರು, ನಡುವೆ ಒಂದು ನಲ್ಲಿ. ಆಮೇಲೆ ಕಾರುಗಳಿಗೆ ಇಂಜಿನ್ನೇ ಓಡಿಸುವ ಪಂಪ್ ಬಂತು. ಆದರೂ ಒತ್ತಡ ಚದರ ಇಂಚಿಗೆ ಮೂರ್ನಾಲ್ಕು ಪೌಂಡ್ ಅಷ್ಟೆ. ಕಾರ್ಬುರೇಟರ್ ಹತ್ತಿರ ಗಾಜಿನದ್ದೋ ಪ್ಲಾಸ್ಟಿಕ್ಕಿನದ್ದೋ ಒಂದು ಫಿಲ್ಟರ್ ಸಿಕ್ಕಿಸಿ, ಕಸ ಕಾಣುತ್ತಾ ಅಂತ ಬಾನೆಟ್ ಎತ್ತಿ ನೋಡುವ ಅಭ್ಯಾಸ ಆಗ ಶುರುವಾಯಿತು. ಸೋರಿದರೆ ತೊಟ್ಟಿಕ್ಕುತ್ತಿತ್ತು. ಅದೂ ಅಪಾಯವೇ, ಆದರೆ ಮೂಗಿಗೆ ಮುಂಚಿತವಾಗಿ ವಾಸನೆ ಬರುತ್ತಿತ್ತು.

ಲೆಕ್ಕ ಬದಲಾಗಿದ್ದು ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದ ಮೇಲೆ. ಅಮೆರಿಕದ ಬೆಂಡಿಕ್ಸ್ ಕಂಪನಿ ಮೊದಲು ಇದನ್ನು ಮಾಡಿತ್ತು. 1958ರ ಕ್ರೈಸ್ಲರ್ ಸಮೂಹದ ಕೆಲವೇ ಕೆಲವು ಕಾರುಗಳಿಗೆ ಹಾಕಿಯೂ ಇತ್ತು. ಆ ಕಾಲದ ಎಲೆಕ್ಟ್ರಾನಿಕ್ಸ್ ತಡೆಯಲಿಲ್ಲ, ಬಹುಪಾಲು ಕಾರುಗಳಿಗೆ ವಾಪಸ್ ಕಾರ್ಬುರೇಟರ್ ಹಾಕಿಕೊಟ್ಟರು. (ವರ್ಷನ್ ಒಂದು ಯಾವಾಗಲೂ ಹಾಗೇ!) ಆ ಪೇಟೆಂಟುಗಳು ಜರ್ಮನಿಯ ಬಾಷ್ ಕಂಪನಿಗೆ ಹೋದವು, 1967ರಲ್ಲಿ ಡೀ-ಜೆಟ್ರಾನಿಕ್ ಹೆಸರಿನಲ್ಲಿ ಫೋಕ್ಸ್‌ವ್ಯಾಗನ್ 1600ಕ್ಕೆ ಬಂದವು. ಅಮೆರಿಕದ ಹೊಗೆ ನಿಯಮಗಳನ್ನು ದಾಟಲು ಅದು ಬೇಕಾಗಿತ್ತು. ಇದರಲ್ಲಿ ಪೈಪಿನೊಳಗಿನ ಒತ್ತಡ ಸುಮಾರು 2 ಬಾರ್, ಅಂದರೆ ಚದರ ಇಂಚಿಗೆ 28-29 ಪೌಂಡ್. ಕಾರ್ಬುರೇಟರ್ ಕಾಲದ ಏಳೆಂಟು ಪಟ್ಟು. ಈಗ ಸೋರಿದರೆ ತೊಟ್ಟಿಕ್ಕುವುದಿಲ್ಲ, ಸಿಡಿಯುತ್ತದೆ. ನಾನು ಹಾಕಿದ್ದು ಕಾರ್ಬುರೇಟರ್ ಕಾಲದ ಫಿಲ್ಟರು, ಕಾರ್ಬುರೇಟರ್ ಕಾಲದ ಬುದ್ಧಿ.

ಈಗ 914ಕ್ಕೆ ಬರೋಣ. ಫೋಕ್ಸ್‌ವ್ಯಾಗನ್ನಿನ ಹೈಂಝ್ ನಾರ್ಡ್‌ಹಾಫ್ ಮತ್ತು ಫೆರಿ ಪೋರ್ಷೆ ಬರೀ ಕೈಕುಲುಕಿ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ ಕಾರಿದು. ನಾರ್ಡ್‌ಹಾಫ್ 1968ರ ಏಪ್ರಿಲ್‌ನಲ್ಲಿ ತೀರಿಕೊಂಡರು. ನಂತರ ಬಂದ ಕುರ್ಟ್ ಲೋಟ್ಸ್ ಹಳೇ ಮಾತಿಗೆ ಕಟ್ಟುಬೀಳಲಿಲ್ಲ, ಖರ್ಚಿನ ಲೆಕ್ಕ ಮೇಲೆಕೆಳಗಾಯಿತು. ಅಂತೂ 1969ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾರು ಬಂತು, 1976ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ತಯಾರಾದವು. ನಾಲ್ಕು ಸಿಲಿಂಡರಿನ ಇಂಜಿನ್ ಫೋಕ್ಸ್‌ವ್ಯಾಗನ್ನಿನದು, ಗಾಳಿಯಿಂದ ತಂಪಾಗುವಂಥದ್ದು. ಅದನ್ನು ಸೀಟುಗಳ ಹಿಂದೆ, ಕಾರಿನ ನಡುವೆ ಕೂರಿಸಿದ್ದರು. ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ಹೋಗುವುದು ಇದರಿಂದಲೇ. ತಾತ ಒಮ್ಮೆ ಬೆಟ್ಟದ ರಸ್ತೆಯಲ್ಲಿ ಕರೆದುಕೊಂಡು ಹೋಗಿದ್ದರು, ನನ್ನ ಟೊಯೋಟಾ ಆಮೇಲೆ ಎಮ್ಮೆಯ ಹಾಗೆ ಕಂಡಿತು :-)

ಆದರೆ ನಡುವೆ ಇಂಜಿನ್ ಇಟ್ಟರೆ ಉಳಿದ ಸಾಮಾನಿಗೆ ಜಾಗ ಎಲ್ಲಿ? ಪೆಟ್ರೋಲ್ ಟ್ಯಾಂಕ್ ಮುಂದೆ ಹೋಯಿತು. ಅಲ್ಲಿಂದ ಗಟ್ಟಿ ಪ್ಲಾಸ್ಟಿಕ್ಕಿನ ಪೈಪುಗಳು ಸೀಟುಗಳ ನಡುವಿನ ಸುರಂಗದಲ್ಲಿ ಹಾದು ಹಿಂದಕ್ಕೆ ಬಂದವು. ಪಂಪು, ಫಿಲ್ಟರ್ ಎರಡೂ ಇಂಜಿನ್ ಗೂಡಿನ ಬಲಗಡೆಗೆ. ಅದರ ಮೇಲ್ಗಡೆ ಬ್ಯಾಟರಿ! ಇಂಜಿನ್ನಿನ ಮುಚ್ಚಳ ಒಂದು ಜಾಲರಿ, ಮಳೆ ನೀರು ನೇರ ಒಳಗೆ. ನೀರು ಬ್ಯಾಟರಿ ಮೇಲೆ ಬಿದ್ದು, ಆಸಿಡ್ ಸೇರಿಸಿಕೊಂಡು ಕೆಳಗಿಳಿಯುತ್ತಿತ್ತು. ಮೊದಲು ತಗಡು ತಿಂದಿತು, ಆಮೇಲೆ ಪೆಟ್ರೋಲಿನ ರಬ್ಬರ್ ಪೈಪುಗಳ ಮೇಲೆ ತೊಟ್ಟಿಕ್ಕಿತು. ಈ ಕಾರಿನವರು ಆ ಮೂಲೆಗೆ ಇಟ್ಟ ಹೆಸರು ನರಕದ ಗುಂಡಿ. 914ಗಳು ಹೊತ್ತಿ ಉರಿದ ಕಥೆಗಳು ಬಹಳಷ್ಟು ಅಲ್ಲಿಂದಲೇ ಶುರುವಾಗುತ್ತವೆ.

ವಿನ್ಯಾಸ ಮಾಡಿದವರು ದಡ್ಡರೇನಲ್ಲ. ನನ್ನ ಊಹೆ ಇಷ್ಟು: ಪಂಪು ಇಂಜಿನ್ ಪಕ್ಕ ಇದ್ದರೆ ಒತ್ತಡ ತುಂಬಿದ ಪೈಪು ಬಹಳ ಗಿಡ್ಡ. ಜನ ಕೂರುವ ಜಾಗದಲ್ಲಿ ಹಾದುಹೋಗುವ ಪೈಪಿನಲ್ಲಿ ಬರೀ ಎಳೆದುಕೊಳ್ಳುವ ಪೆಟ್ರೋಲು, ಒತ್ತಡ ಇಲ್ಲ. ಫಿಲ್ಟರ್ ಪಂಪಿಗಿಂತ ಮೊದಲು, ಹಾಗಾಗಿ ಅದಕ್ಕೂ ಒತ್ತಡ ಇಲ್ಲ. ಕಾಗದದ ಮೇಲೆ ಸರಿಯೇ. ಎಡವಟ್ಟಾಗಿದ್ದು ಶಾಖದ ವಿಷಯದಲ್ಲಿ. ಪಂಪಿಗೆ ತಳ್ಳುವುದು ಸುಲಭ, ಎಳೆಯುವುದು ಕಷ್ಟ. ಎಳೆದಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಬಿಸಿ ಜಾಗದಲ್ಲಿ ಒತ್ತಡ ಇಳಿದರೆ ಪೆಟ್ರೋಲು ಅಲ್ಲೇ ಆವಿಯಾಗುತ್ತದೆ. ಬಿಸಿಲಲ್ಲಿ ಸಿಗ್ನಲ್ಲಿಗೆ ನಿಂತರೆ ಇಂಜಿನ್ ಗಪ್‌ಚುಪ್.

ಕೊನೆಗೆ 1975ರ ಮಾಡೆಲ್ಲಿನಿಂದ ಪಂಪನ್ನು ಮುಂದಕ್ಕೆ, ಟ್ಯಾಂಕಿನ ಹತ್ತಿರ ಒಯ್ದರು. ಆವಿಯ ಕಾಟ ತಪ್ಪಿತು. ಹಳೇ ಮಾಡೆಲ್ಲಿನವರೂ ಇದನ್ನು ನೋಡಿ ತಮ್ಮ ಕಾರಿನಲ್ಲೂ ಪಂಪು ಮುಂದಕ್ಕೆ ಒಯ್ಯತೊಡಗಿದರು. ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಇದು. ಪಂಪು ಮುಂದೆ ಹೋದ ಕ್ಷಣದಿಂದ ಸುರಂಗದೊಳಗಿನ ಅದೇ ಹಳೇ ಪ್ಲಾಸ್ಟಿಕ್ ಪೈಪಿನಲ್ಲಿ 2 ಬಾರ್ ಒತ್ತಡ! ದಶಕಗಳಾದ ಪ್ಲಾಸ್ಟಿಕ್ಕು, ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಪಕ್ಕದಲ್ಲೇ ಕ್ಲಚ್ಚಿನ ಕೇಬಲ್ಲು, ಗೇರಿನ ಸರಳು ಓಡಾಡುತ್ತಿರುತ್ತವೆ. ಇಂಜಿನ್ ಗೂಡಿನ ಅಪಾಯವನ್ನು ತಂದು ಮೊಣಕಾಲಿನ ಪಕ್ಕ ಇಟ್ಟ ಹಾಗಾಯಿತು. ಅದಕ್ಕೇ ಪಂಪು ಸರಿಸುವವರು ಮೊದಲು ಸುರಂಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಪೈಪು ಹಾಕಲೇಬೇಕು.

ಕಾನೂನು ಇರಲಿಲ್ಲವೇ ಅಂದರೆ, ಇತ್ತು. ಅಮೆರಿಕದಲ್ಲಿ ಕಾರು ಗುದ್ದಿದಾಗ ಪೆಟ್ರೋಲು ಸೋರಬಾರದು ಅನ್ನುವ 301ನೇ ಸುರಕ್ಷತಾ ನಿಯಮ 1968ರ ಜನವರಿಯಿಂದಲೇ ಜಾರಿಯಲ್ಲಿತ್ತು. ಆಗ ಮುಂದಿನಿಂದ ಗುದ್ದುವ ಪರೀಕ್ಷೆ ಮಾತ್ರ, ಹಿಂದಿನಿಂದ ಗುದ್ದುವುದು ಸೇರಿದ್ದು 1977ರ ಮಾಡೆಲ್ಲುಗಳಿಗೆ. ಆದರೆ ಗುದ್ದುವುದು ಹೊಸ ಕಾರನ್ನು. ಐದು ದಶಕ ಆದ ಮೇಲೆ ರಬ್ಬರ್ ಏನಾಗುತ್ತೆ, ಯಾರೋ ಒಬ್ಬ ಜಾವಾ ಇಂಜಿನಿಯರ್ ಬಂದು ಎಲ್ಲಿ ಕತ್ತರಿಸುತ್ತಾನೆ ಅನ್ನೋದಕ್ಕೆ ಯಾವ ಟೆಸ್ಟ್ ಕೇಸೂ ಇಲ್ಲ.

ನಾವು ಮಾಡಿದ್ದು ಹೀಗೆ. ಎರಡನೇ ಶನಿವಾರ ಪೂರ್ತಿ ಸುರಂಗಕ್ಕೆ ಸ್ಟೀಲ್ ಪೈಪು. ಮೂರನೇ ಶನಿವಾರ ಪಂಪು ಮುಂದಕ್ಕೆ. ಫಿಲ್ಟರ್ ಟ್ಯಾಂಕಿಗೂ ಪಂಪಿಗೂ ನಡುವೆ, ಬಾಡಿಗೆ ಪಟ್ಟಿ ಹಾಕಿ ಬಿಗಿದದ್ದು, ಯಾಕಂದರೆ ಪೈಪಿಗೆ ಜೋತುಬಿದ್ದ ಫಿಲ್ಟರ್ ಕಾರು ಅದುರಿದಾಗಲೆಲ್ಲ ಕೀಲನ್ನು ಸಡಿಲ ಮಾಡುತ್ತೆ. ಅದರ ಜಾಲರಿಯೂ ತೀರಾ ಸಣ್ಣ ಇರಬಾರದು, ಪಂಪು ಉಸಿರು ಕಟ್ಟುತ್ತೆ. ರಬ್ಬರ್ ಇರುವಲ್ಲೆಲ್ಲ ಇಂಜೆಕ್ಷನ್ ಒತ್ತಡ ತಡೆಯುವ ಹೊಸ ಪೈಪು, ರಬ್ಬರನ್ನು ಕೊರೆಯದ ದುಂಡಂಚಿನ ಕ್ಲಾಂಪು. ಇಂಜಿನ್ ಗೂಡಿನಲ್ಲಿ ಈಗ ಫಿಲ್ಟರೇ ಇಲ್ಲ. ಒಂದು ಫಿಲ್ಟರ್ ಅಂದರೆ ಎರಡು ಕೀಲು, ಎರಡು ಕೀಲು ಅಂದರೆ ಸೋರೋಕೆ ಎರಡು ಜಾಗ - ತಾತನ ಲೆಕ್ಕ.

ಹ್ಞಾಂ, ಇಲ್ಲೂ ಒಂದು ತಿರುವಿದೆ. ಫಿಲ್ಟರ್ ಈಗ ಟ್ಯಾಂಕಿನ ಬುಡದಲ್ಲಿದೆಯಲ್ಲ, ಅಲ್ಲಿ ಸೋರಿದರೆ ಪಂಪು ಓಡುವುದೂ ಬೇಕಿಲ್ಲ, ನಿಂತ ಕಾರಿನಿಂದಲೇ ಟ್ಯಾಂಕ್ ಪೂರ್ತಿ ನೆಲಕ್ಕೆ. ತಾತನ ಗ್ಯಾರೇಜಿನ ಮೂಲೆಯಲ್ಲಿ ಗ್ಯಾಸಿನ ಗೀಸರ್ ಇದೆ, ಇಪ್ಪತ್ನಾಲ್ಕು ಗಂಟೆಯೂ ಉರಿಯುವ ಸಣ್ಣ ಜ್ವಾಲೆಯ ಸಮೇತ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿಯುತ್ತದೆ. ಹಾಗಾಗಿ ಪೆಟ್ರೋಲಿನ ಕೆಲಸವೆಲ್ಲ ಕಾರನ್ನು ಹೊರಗೆ ತಳ್ಳಿಯೇ ಆಯಿತು. ಇನ್ನೊಂದು ವಾರ ಕಾರು ರಾತ್ರಿಯೂ ಹೊರಗೇ ನಿಲ್ಲಬೇಕು, ಬೆಳಿಗ್ಗೆ ಕೆಳಗೆ ಹಾಸಿದ ರಟ್ಟು ಒಣಗಿದೆಯಾ ಅಂತ ನೋಡುವ ಡ್ಯೂಟಿ ನನ್ನದು.

ಇದನ್ನೆಲ್ಲ ನಿನ್ನೆ ಫೋನಿನಲ್ಲಿ ಅಪ್ಪನಿಗೆ ಕೊರೆದೆ. ಅಲ್ಲೀಗ ಬಂಕಿನಲ್ಲಿ ಸಿಗೋದು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲು, ಹಳೇ ರಬ್ಬರಿಗೆ ಅದು ಆಗಿಬರೋದಿಲ್ಲ, ಚೇತಕ್ಕಿನ ಪೆಟ್ರೋಲ್ ಪೈಪನ್ನ ಒಂದ್ಸಲ ನೋಡಿ ಅಪ್ಪಾ ಅಂದೆ.

"ಪೈಪು ಚೆನ್ನಾಗೇ ಇದೆ ಕಣೋ, ಹೋದ ವರ್ಷವೇ ಬದಲಾಯಿಸಿದ್ದು. ಮೆಕ್ಯಾನಿಕ್ ಹುಡುಗ ಒಂದು ಫಿಲ್ಟರ್ ಬೇರೆ ಹಾಕ್ಕೊಟ್ಟಿದಾನೆ, ಪ್ಲಾಸ್ಟಿಕ್ಕಿಂದು. ಒಳಗೆ ಕಸ ಬಂದ್ರೆ ಕಾಣುತ್ತೆ."

"ಎಲ್ಲಿ ಹಾಕಿದಾನೆ?"

"ಅಲ್ಲೇ, ಸಿಲಿಂಡರ್ ಪಕ್ಕ. ಕೈಗೆ ಸಿಗೋ ಹಾಗೆ."

ಫೋಟೋ ಕಳಿಸಿ ಅಂದಿದೀನಿ. ಇನ್ನೂ ಬಂದಿಲ್ಲ.