ಕೇತ್ತಿ ಕಣಿವೆಯ ಚಳಿಗಾಲ ಮತ್ತು ಲೂಕನ ಸುವಾರ್ತೆ



ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ನೀಲಗಿರಿಯ ಮನೆಗಳಲ್ಲಿ ಮಲಗಲು ಜಾಗ ಸಾಲುವುದಿಲ್ಲ. ಕೊಯಮತ್ತೂರು, ಬೆಂಗಳೂರು, ಚೆನ್ನೈಗಳಲ್ಲಿ ಓದುವವರೂ ದುಡಿಯುವವರೂ ಕ್ರಿಸ್‌ಮಸ್‌ಗೆ ಊರಿಗೆ ಬರುತ್ತಾರೆ. ಬಸ್ಸಿಳಿದವರ ಮೊದಲ ಪ್ರಶ್ನೆ ಒಂದೇ: "ಈ ಸಲ ಉರೈಪನಿ ಬಿತ್ತಾ?"

ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲದ ಬಿಸಿ ತಡೆಯಿಲ್ಲದೆ ಆಕಾಶಕ್ಕೆ ಹೋಗುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಆದುದರಿಂದಲೇ ಊಟಿಯ ಕಾಂದಲ್, ತಲೈಕುಂದಾ ಕಡೆಯ ತಗ್ಗುಗಳಲ್ಲಿ ಹುಲ್ಲು ಬೆಳಗ್ಗೆ ಬೆಳ್ಳಗಿರುತ್ತದೆ, ಟೀ ಗಿಡದ ಚಿಗುರು ಸುಟ್ಟಂತೆ ಕಪ್ಪಾಗುತ್ತದೆ. ನಮ್ಮ ಹಿರಿಯರ ಹಟ್ಟಿಗಳು ಸಾಮಾನ್ಯವಾಗಿ ತಗ್ಗಿನಲ್ಲಿಲ್ಲ, ಗುಡ್ಡದ ಓರೆಯಲ್ಲಿವೆ. ಇಂಥ ರಾತ್ರಿಗಳಲ್ಲಿ ಓರೆಯ ಮನೆಗೆ ಚಳಿ ತುಸು ಕಡಿಮೆ.

ಬಡಗ ಎಂದರೆ ಬಡಗಣ ದಿಕ್ಕಿನವರು, ಉತ್ತರದ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು. ಮಾತು ಕನ್ನಡದ ತೀರ ಹತ್ತಿರದ್ದು. ಈ ನಂಟೇ ಮುಂದೆ ನಮ್ಮ ಸಭೆಯ ಚರಿತ್ರೆಯನ್ನು ರೂಪಿಸಿತು.

ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮದ್ರಾಸ್ ಸರ್ಕಾರದ ಸೇವೆಯಲ್ಲಿದ್ದು ಕೇತ್ತಿಯಲ್ಲಿ ನೆಲೆಸಿದ್ದ ಜಾರ್ಜ್ ಕಸಮೇಜರ್ ಅವರ ಆಸರೆಯಿಂದ 1846ರಲ್ಲಿ ಅವರು ನೀಲಗಿರಿಗೂ ಬಂದು ಕೇತ್ತಿಯಲ್ಲಿ ಕೆಲಸ ಆರಂಭಿಸಿದರು. ಜರ್ಮನ್ ಮನೆಮಾತಿನ ಆ ಬೋಧಕರು ಆಗಲೇ ಕನ್ನಡ ಕಲಿತಿದ್ದರು. ಹೀಗೆ ಇಲ್ಲಿನ ಶಾಲೆಗೂ ಆರಾಧನೆಗೂ ಕನ್ನಡ ಬಂತು. 1852ರಲ್ಲಿ ಲೂಕನ ಸುವಾರ್ತೆ ಬಡಗ ನುಡಿಯಲ್ಲಿ, ಕನ್ನಡ ಲಿಪಿಯಲ್ಲಿ, ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಂತು.

ಲೂಕನ ಎರಡನೆಯ ಅಧ್ಯಾಯ ನಮಗೆಲ್ಲ ಗೊತ್ತು. ಛತ್ರದಲ್ಲಿ ಸ್ಥಳವಿಲ್ಲದ ಕುಟುಂಬ, ಗೋದಲಿಯಲ್ಲಿ ಮಲಗಿಸಿದ ಶಿಶು, ರಾತ್ರಿ ಬಯಲಲ್ಲಿ ಹಿಂಡು ಕಾಯುವ ಕುರುಬರು. ಎಮ್ಮೆ ಸಾಕಿ ಬಾಳುತ್ತಿದ್ದ ಜನರಿಗೆ ದನದ ಕೊಟ್ಟಿಗೆಯೆಂದರೇನು, ಬಯಲಿನ ರಾತ್ರಿಯೆಂದರೇನು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಆದರೂ ಕೇಳಿದ ಕೂಡಲೇ ಯಾರೂ ಸಭೆಗೆ ಸೇರಲಿಲ್ಲ. ಮೊದಲ ಬಡಗ ದೀಕ್ಷಾಸ್ನಾನ ನಡೆದದ್ದು 1858ರಲ್ಲಿ, ಕೆಲಸ ಆರಂಭವಾಗಿ ಹನ್ನೆರಡು ವರ್ಷಗಳ ಮೇಲೆ. ಅಂದು ಕ್ರೈಸ್ತನಾಗುವುದೆಂದರೆ ಹಟ್ಟಿಯ ಪಂಕ್ತಿಯನ್ನೂ ಒಡಹುಟ್ಟಿದವರ ಒಲೆಯನ್ನೂ ಕಳೆದುಕೊಳ್ಳುವ ಭಯ. ನಾವು ಇಂದು ಸುಲಭವಾಗಿ ನಡೆಸುವ ಕುಟುಂಬ ಕೂಟಕ್ಕೆ ಆ ಮೊದಲಿಗರು ಬೆಲೆ ತೆತ್ತಿದ್ದರು.

ಈಗ ಕಾಲ ಬದಲಾಗಿದೆ. ಕ್ರಿಸ್‌ಮಸ್ ಆಸುಪಾಸಿನಲ್ಲೇ ಹಟ್ಟಿಗಳಲ್ಲಿ ಹೆತ್ತೆ ಹಬ್ಬ ಬರುತ್ತದೆ. ಆ ಮನೆಯವರು ನಮ್ಮಲ್ಲಿಗೆ ಬರುತ್ತಾರೆ, ನಾವು ಅಲ್ಲಿಗೆ ಹೋಗುತ್ತೇವೆ, ತುಪ್ಪದಿಟ್ಟು ಎರಡೂ ಕಡೆ ಕರಿಯುತ್ತಾರೆ. ಮುರಿದ ಪಂಕ್ತಿ ಮತ್ತೆ ಕೂಡಿದ್ದಕ್ಕಾಗಿ ದೇವರಿಗೆ ಸ್ತೋತ್ರ.

ಆದರೆ ಇನ್ನೊಂದು ಕಳೆದುಹೋಗುತ್ತಿದೆ. ಶಾಲೆಗಳು ಕಾಲಕ್ರಮೇಣ ತಮಿಳಿಗೆ, ಆಮೇಲೆ ಇಂಗ್ಲಿಷಿಗೆ ತಿರುಗಿದವು. ಹೋದ ಕ್ರಿಸ್‌ಮಸ್ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಕಂಬಳಿ ಹೊದ್ದು ಒಲೆಯ ಸುತ್ತ ಕೂತಿದ್ದೆವು. ಅಜ್ಜಿಯ ಕನ್ನಡ ಸತ್ಯವೇದ ಕೈಯಿಂದ ಕೈಗೆ ಹೋಯಿತು, ಒಬ್ಬೊಬ್ಬರು ಎರಡೆರಡು ವಚನ ಓದುವುದು ನಮ್ಮ ಪದ್ಧತಿ. ನಮ್ಮ ಸಾಲಿಗೆ ಬಂದಾಗ ಪುಸ್ತಕ ನಿಂತಿತು. ಚಿಕ್ಕಪ್ಪನ ಮಗಳಿಗೆ ಅಕ್ಷರ ಬಾರದು, ಅವಳ ತಮ್ಮನಿಗೂ ಬಾರದು. ಅವಳು ಮೊಬೈಲಿನಲ್ಲಿ ತಮಿಳಿನಲ್ಲಿ ಓದಿದಳು. ಚೆನ್ನಾಗಿಯೇ ಓದಿದಳು. ಅಜ್ಜಿ ಬೈಯಲಿಲ್ಲ. ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು, ಅಷ್ಟೇ.

ಸುವಾರ್ತೆ ಯಾವ ಭಾಷೆಯಲ್ಲಿದ್ದರೂ ಸುವಾರ್ತೆಯೇ. ತಮಿಳಿನ ಮೇಲೆ ನಮಗೆ ಮುನಿಸಿಲ್ಲ, ಅದೂ ನಮ್ಮದೇ. ಆದರೆ ನಮ್ಮ ಅಜ್ಜ ಅಜ್ಜಿಯರು ಪ್ರಾರ್ಥಿಸಿದ ಅಕ್ಷರ ನಮಗೆ ಓದಲು ಬಾರದೆ ಹೋದರೆ, ಅವರ ಪುಸ್ತಕದ ಅಂಚಿನಲ್ಲಿ ಬರೆದಿಟ್ಟ ಹುಟ್ಟಿದ ದಿನ, ದೀಕ್ಷಾಸ್ನಾನದ ದಿನಗಳನ್ನೂ ನಾವು ಓದಲಾರೆವು.

ಆದುದರಿಂದ ಈ ರಜೆಯಲ್ಲಿ ಯುವಜನರಾದ ನಾವು ಒಂದು ತೀರ್ಮಾನ ಮಾಡಿದ್ದೇವೆ. ಚಳಿಗೆ ಹೇಗೂ ಎಲ್ಲರೂ ಒಲೆಯ ಬಳಿಯೇ ಇರುತ್ತೇವೆ. ದಿನಕ್ಕೆ ಅರ್ಧ ಗಂಟೆ ಹಿರಿಯರ ಪಕ್ಕ ಕೂತು ಅಕ್ಷರ ಕಲಿಯೋಣ. ಲೂಕನ ಎರಡನೆಯ ಅಧ್ಯಾಯದ ಮೊದಲ ಇಪ್ಪತ್ತು ವಚನಗಳಿಂದ ಶುರುಮಾಡೋಣ. ಮುಂದಿನ ಕ್ರಿಸ್‌ಮಸ್ ರಾತ್ರಿ ಪುಸ್ತಕ ನಮ್ಮ ಸಾಲಿನಲ್ಲಿ ನಿಲ್ಲದಿರಲಿ.

ಎಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು. ಬರುವಾಗ ಸ್ವೆಟರ್ ಮರೆಯಬೇಡಿ.