ಬಾಗಳಿಯಿಂದ ಕುರುವತ್ತಿಯವರೆಗೆ: ಊರಗುಡಿಗಳನ್ನು ಓದುವ ಬಗೆ

ಇಂಗ್ಲೆಂಡಿನ ಹಳ್ಳಿಯೊಂದರ ಹಳೆಯ ಪ್ಯಾರಿಷ್ ಚರ್ಚು ಯಾವ ಕಾಲದ್ದು ಎಂದು ಕೇಳಿದರೆ ಅಲ್ಲಿಯ ವಿದ್ವಾಂಸರು ಒಂದೇ ಇಸವಿ ಹೇಳಿ ಸುಮ್ಮನಾಗುವುದಿಲ್ಲ. ಗೋಡೆ 12ನೆಯ ಶತಮಾನದ್ದು, ಪಕ್ಕದ ಕಂಬಸಾಲು 14ನೆಯದು, ಬಾಗಿಲಿನ ಮುಂದಿನ ಮಂಟಪ 15ನೆಯದು ಎಂದು ಬಿಡಿಸಿ ಬಿಡಿಸಿ ಹೇಳುತ್ತಾರೆ. ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸೀಮೆಯ ಗುಡಿಗಳ ಬಗ್ಗೆ ನಾವು ಬರೆಯುವ ರೀತಿಯೇ ಬೇರೆ. ‘ಕಲ್ಯಾಣ ಚಾಲುಕ್ಯರ ಶೈಲಿ’ ಎಂದು ಒಂದು ಮಾತು ಬರೆದರೆ ಕೆಲಸ ಮುಗಿಯಿತು. ಆದರೆ ಇವುಗಳಲ್ಲಿ ಹೆಚ್ಚಿನವು ಅರಸರು ರಾಜಧಾನಿಯಲ್ಲಿ ಕಟ್ಟಿಸಿದ ಗುಡಿಗಳಲ್ಲ. ಊರಿನ ಮಹಾಜನರು, ಅಧಿಕಾರಿಗಳು, ಅವರ ಮಡದಿಯರು, ಯತಿಗಳು ತಲೆಮಾರುಗಳ ಕಾಲ ಕಟ್ಟಿ, ಸೇರಿಸಿ, ದುರಸ್ತಿ ಮಾಡಿ ಉಳಿಸಿಕೊಂಡು ಬಂದ ಕಟ್ಟಡಗಳು. ಅವುಗಳನ್ನು ರಾಜವಂಶದ ಹೆಸರಿನಡಿ ಅಲ್ಲ, ಊರಿನ ದಾಖಲೆಯಾಗಿ ಓದಬೇಕೆಂಬುದು ಈ ಲೇಖನದ ವಾದ.

ನಮ್ಮ ಈಗಿನ ಓದಿನ ಕ್ರಮ ಎಲ್ಲಿಂದ ಬಂತೆಂದು ಮೊದಲು ನೋಡೋಣ. 1817ರಲ್ಲಿ ಥಾಮಸ್ ರಿಕ್‌ಮನ್ ಇಂಗ್ಲೆಂಡಿನ ಮಧ್ಯಯುಗದ ಚರ್ಚುಗಳನ್ನು ನಾರ್ಮನ್, ಅರ್ಲಿ ಇಂಗ್ಲಿಷ್, ಡೆಕೊರೇಟೆಡ್, ಪರ್ಪೆಂಡಿಕ್ಯುಲರ್ ಎಂದು ನಾಲ್ಕು ಹಂತಗಳಲ್ಲಿ ವಿಂಗಡಿಸಿದ. ಕಮಾನು, ಕಿಟಕಿ, ಕಂಬದ ರೂಪ ನೋಡಿ ಕಾಲ ಹೇಳುವ ಆ ಪದ್ಧತಿ ಬೇರೂರಿದ ಮೇಲೆ, 1876ರಲ್ಲಿ ಜೇಮ್ಸ್ ಫರ್ಗುಸನ್ ತನ್ನ ಗ್ರಂಥದಲ್ಲಿ ಭಾರತದ ಕಟ್ಟಡಗಳಿಗೂ ಶೈಲಿಯ ಚೌಕಟ್ಟು ಹಾಕಿದ. ‘ಚಾಲುಕ್ಯ ಶೈಲಿ’ ಎಂಬ ಹೆಸರು ಬಳಕೆಗೆ ಬಂದದ್ದು ಆ ಗ್ರಂಥದಿಂದ. ಆಗ ಈ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ರಾಬರ್ಟ್ ಸೆವೆಲ್ 1882ರಲ್ಲಿ ಪ್ರಾಂತ್ಯದ ಪ್ರಾಚೀನ ಅವಶೇಷಗಳ ಪಟ್ಟಿ ಮಾಡಿದ. ಅಲೆಕ್ಸಾಂಡರ್ ರೀ 1896ರಲ್ಲಿ ಚಾಲುಕ್ಯ ವಾಸ್ತುವಿನ ಮೇಲೆ ಪ್ರಕಟಿಸಿದ ಸಂಪುಟಕ್ಕೆ ಬಳ್ಳಾರಿ ಜಿಲ್ಲೆಯ ಗುಡಿಗಳೇ ಆಧಾರ. ಅದರ ನಕ್ಷೆಗಳು, ಕಂಬದ ಚಿತ್ರಗಳು ಇಂದಿಗೂ ಬೆಲೆಬಾಳುವಂಥವು. ಆದರೆ ಚರ್ಚುಗಳ ಅಧ್ಯಯನದಿಂದ ನಮಗೆ ಬಂದದ್ದು ಶೈಲಿಯ ಏಣಿ ಮಾತ್ರ. ಅದೇ ಅಧ್ಯಯನದ ಇನ್ನೊಂದು ಕಾಲುದಾರಿ, ಅಂದರೆ ಯಾರು ದುಡ್ಡು ಕೊಟ್ಟರು, ಯಾರು ಯಾವ ಭಾಗ ಕಟ್ಟಿಸಿದರು, ದುರಸ್ತಿ ಯಾರ ಪಾಲಿನದು ಎಂದು ಹುಡುಕುವ ಅಭ್ಯಾಸ, ಇಲ್ಲಿಗೆ ಅಷ್ಟಾಗಿ ಬರಲಿಲ್ಲ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಗೆ ಹೋಗಿ ನಿಂತರೆ ಈ ಕೊರತೆ ಕಣ್ಣಿಗೆ ಬೀಳುತ್ತದೆ. ಗರ್ಭಗುಡಿ ಮತ್ತು ಅದಕ್ಕೆ ಅಂಟಿಕೊಂಡ ಮುಚ್ಚಿದ ಮಂಟಪ ರಾಷ್ಟ್ರಕೂಟರ ಕೊನೆಗಾಲದವು, ಅಂದರೆ 10ನೆಯ ಶತಮಾನದ ನಡುಭಾಗದವು ಎಂಬುದು ಪುರಾತತ್ತ್ವ ಇಲಾಖೆಯ ಅಭಿಪ್ರಾಯ. ಅದರ ಪೂರ್ವಕ್ಕಿರುವ ತೆರೆದ ಮಹಾಮಂಟಪ ಚಾಲುಕ್ಯರ ಕಾಲದ ಸೇರ್ಪಡೆ. 987ರ ಶಾಸನ, ಚಾಲುಕ್ಯ ಅರಸ ಇಮ್ಮಡಿ ತೈಲಪ ಆಳುತ್ತಿದ್ದ ದಿನಗಳಲ್ಲಿ ದುಗ್ಗಿಮಯ್ಯನೆಂಬಾತ ಮಾಡಿಸಿದ ಪ್ರತಿಷ್ಠೆಯ ವಿಷಯ ಹೇಳುತ್ತದೆ. ತೈಲಪ ರಾಷ್ಟ್ರಕೂಟರನ್ನು ಉರುಳಿಸಿದ್ದು 973ರಲ್ಲಿ. ರಾಜಧಾನಿ ಮಾನ್ಯಖೇಟದಲ್ಲಿ ರಾಜ್ಯವೇ ಕೈಬದಲಾದರೂ ಬಾಗಳಿಯಲ್ಲಿ ಗುಡಿಯ ಕೆಲಸ ಮುಂದುವರಿದಿತ್ತು. ಕಟ್ಟಡವನ್ನು ‘ರಾಷ್ಟ್ರಕೂಟ’, ‘ಚಾಲುಕ್ಯ’ ಎಂದು ಎರಡು ತುಂಡು ಮಾಡಿದರೆ ಕಾಣದೆ ಹೋಗುವುದು ಈ ಮುಂದುವರಿಕೆ.

ಮಹಾಮಂಟಪದ ಐವತ್ತು ಕಂಬಗಳ ನಡುವೆ ನಿಧಾನವಾಗಿ ಓಡಾಡಬೇಕು. ಬಹುಪಾಲು ಕಂಬಗಳನ್ನು ತಿರುಗಣೆಯ ಮೇಲೆ ಕಡೆದಿದ್ದಾರೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಉಳಿಯ ಮಾತು ಕೇಳುತ್ತದೆ, ಗಾಳಿ ಬಿಸಿಲಿಗೆ ಬರಬರುತ್ತ ಗಟ್ಟಿಯಾಗುತ್ತದೆ. ಹಾಗಾಗಿಯೇ ಕಂಬವನ್ನು ತಿರುಗಿಸುತ್ತ ಉಳಿ ಹಿಡಿದು ಉಂಗುರದಂಥ ಗೆರೆಗಳನ್ನು, ಗಂಟೆಯಾಕಾರದ ನಡುವನ್ನು, ಅಲಗಿನಂತೆ ತೆಳುವಾದ ಅಂಚನ್ನು ತೆಗೆಯಲು ಸಾಧ್ಯವಾಯಿತು. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಿನಲ್ಲಿ ಇಂಥ ನಯ ಬರುವುದಿಲ್ಲ. ಮಂಟಪದ ಸುತ್ತ, ಬಹುತೇಕ ಮುಖ್ಯಗುಡಿಗೆ ಮುಖಮಾಡಿ, ಎಂಟು ಚಿಕ್ಕ ಗುಡಿಗಳಿವೆ. ಉತ್ತರಕ್ಕೆ ನರಸಿಂಹನ ಗುಡಿಯಿದೆ. ಒಬ್ಬನೇ ಶಿಲ್ಪಿ ಒಂದೇ ಸಲ ಹಾಕಿದ ನಕ್ಷೆಯ ಬಿಗಿ ಇಲ್ಲಿಲ್ಲ. ಭಕ್ತರು ಬಂದಂತೆ ಜಾಗ ನೋಡಿಕೊಂಡು ಸೇರಿಸುತ್ತ ಹೋದ ಗುಡಿಸಮೂಹ ಇದು. ಆವರಣದಲ್ಲಿ ಮೂವತ್ತಕ್ಕೂ ಹೆಚ್ಚು ಹಳಗನ್ನಡ ಶಾಸನಗಳು ಸಿಕ್ಕಿವೆ. ಒಂದು ಊರಿನ ಗುಡಿಗೆ ಇಷ್ಟು ದೊಡ್ಡ ದಾಖಲೆ ಉಳಿದಿರುವುದು ಅಪರೂಪದ ಭಾಗ್ಯ. 1939ರಲ್ಲಿ ಬಂದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೆಯ ಸಂಪುಟದ ಮೊದಲ ಭಾಗದಲ್ಲಿ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು ಅಚ್ಚಾದ ಮೇಲಾದರೂ ಅವನ್ನು ಗೋಡೆ, ಕಂಬ, ಸಂದುಗಳ ಜೊತೆಗಿಟ್ಟು ಓದಬೇಕಿತ್ತು. ಶಾಸನ ಓದುವವರು ಕಲ್ಲಿನ ಜೋಡಣೆ ನೋಡಲಿಲ್ಲ, ಕಟ್ಟಡ ಅಳೆಯುವವರು ಶಾಸನದಲ್ಲಿ ಇಸವಿಯನ್ನಷ್ಟೇ ಹುಡುಕಿದರು.

ದಾನಿಗಳ ವಿಷಯಕ್ಕೆ ಬಂದರೆ, ಹಿರೇಹಡಗಲಿಯ ಗುಡಿಯನ್ನು 1057ರಲ್ಲಿ ಕಟ್ಟಿಸಿದವನು ಚಾಲುಕ್ಯ ಅರಸ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ. ಹೂವಿನಹಡಗಲಿಯ ಕೇಶವ ಗುಡಿಯ ಹಿಂದೆ ಇರುವುದು ಆರನೆಯ ವಿಕ್ರಮಾದಿತ್ಯನ ಅಧಿಕಾರಿ ರವಿದೇವನ ಮಡದಿ ರೆಬ್ಬಲದೇವಿ. ಅದರ ಕಾಲ 1090. ಇಂಗ್ಲೆಂಡಿನ ಸಫೊಕ್‌ನ ಲಾಂಗ್ ಮೆಲ್ಫರ್ಡ್ ಚರ್ಚಿನ ಹೊರಗೋಡೆಯಲ್ಲಿ 15ನೆಯ ಶತಮಾನದ ಬಟ್ಟೆ ವ್ಯಾಪಾರದ ಸಿರಿವಂತರ ಹೆಸರುಗಳನ್ನು ಕಲ್ಲಿನಲ್ಲೇ ಕೂರಿಸಿ, ಅವರಿಗಾಗಿ ಪ್ರಾರ್ಥಿಸಿರೆಂದು ಕೇಳಿದ್ದಾರೆ. ರೆಬ್ಬಲದೇವಿಯ ಶಾಸನ ಅದಕ್ಕಿಂತ ಸುಮಾರು ನಾಲ್ಕು ಶತಮಾನ ಹಳೆಯದು. ಆ ಚರ್ಚಿನ ದಾನಿಗಳ ಮೇಲೆ ಆದಷ್ಟು ಕೆಲಸ ಈಕೆಯ ಮೇಲೆ ಆಗಿಲ್ಲವೆಂಬುದು ನನಗೆ ನಿಜವಾದ ನೋವಿನ ಸಂಗತಿ.

ಕುರುವತ್ತಿಯ ಮಲ್ಲಿಕಾರ್ಜುನ ಗುಡಿ ತುಂಗಭದ್ರೆಯ ದಡದಲ್ಲಿದೆ. ವಾಸಿಯಾಗದ ಜ್ವರದಿಂದ ಬಳಲಿದ ಒಂದನೆಯ ಸೋಮೇಶ್ವರ 1068ರಲ್ಲಿ ನದಿಗಿಳಿದು ಪ್ರಾಣಬಿಟ್ಟದ್ದು ಈ ಊರಿನಲ್ಲಿ. ಬಾಗಿಲ ಕಂಬಗಳ ಮೇಲಿನ ಮದನಿಕೆಯರಲ್ಲಿ ಮೈಯ ಬಾಗು, ಬಳ್ಳಿಯ ಸುರುಳಿ, ಒಡವೆಯ ಎಳೆ ಎಲ್ಲವೂ ಕಲ್ಲಿನಿಂದ ಬಿಡಿಸಿಕೊಂಡು ಹೊರಬಂದಿವೆ. ಬೇಲೂರಿನ ಮದನಿಕೆಯರನ್ನು ಹೊಗಳುವವರು ಮೊದಲು ಇವರನ್ನು ನೋಡಿ ಬರಬೇಕು. ಶಿವರಾತ್ರಿಯ ಹೊತ್ತಿಗೆ ನಡೆಯುವ ಜಾತ್ರೆಯಲ್ಲಿ ಸೇರುವ ಜನಕ್ಕೆ ಇದು ಸ್ಮಾರಕವಲ್ಲ, ತಮ್ಮ ದೇವರ ಮನೆ.

ಕೂಡ್ಲಿಗಿ ಕಡೆ, ಹೊಸಹಳ್ಳಿ ಹೋಬಳಿಯ ಬಯಲಿನಲ್ಲಿ ಮತ್ತು ಗುಡೇಕೋಟೆಯ ಬಂಡೆಗುಡ್ಡಗಳ ಸುತ್ತ ಇಂಥ ಗುಡಿಗಳು ವಿರಳ. ಅಂಬಳಿಯ ಕಲ್ಲೇಶ್ವರ ಗುಡಿ ಇರುವುದೂ ಈ ಸೀಮೆಯ ಪಶ್ಚಿಮದ ಸೆರಗಿನಲ್ಲಿ. ನದಿಯ ನೀರು, ಕೆರೆಯ ಗದ್ದೆ, ಅಗ್ರಹಾರದ ಆದಾಯ ಇದ್ದಲ್ಲಿ ಕಲ್ಲುಕೆಲಸ ಬೆಳೆದಿದೆ ಎಂದು ನನ್ನ ಅಂದಾಜು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಮಾತ್ರ ಇನ್ನೊಂದು ದಾರಿ ತೋರಿಸುತ್ತದೆ. ಕೋಗಳಿ ಐನೂರು ಎಂಬ ನಾಡಿನ ಕೇಂದ್ರವಾಗಿದ್ದ ಆ ಊರಿನ ಬಸದಿ ಗಂಗ ಅರಸ ದುರ್ವಿನೀತ ಮಾಡಿಸಿದ್ದೆಂದು 1055ರ ಶಾಸನ ನೆನೆಯುತ್ತದೆ. ಐದು ಶತಮಾನದಷ್ಟು ಹಿಂದಿನ ನೆನಪನ್ನು ಒಂದು ಊರು ಉಳಿಸಿಕೊಂಡಿತ್ತು ಎಂಬುದೇ ದೊಡ್ಡ ಮಾತು.

ಹೋಲಿಕೆಗೂ ಮಿತಿಯಿದೆ. ಪ್ಯಾರಿಷ್ ಚರ್ಚಿಗೆ ಬೆಳೆಯ ಹತ್ತನೆಯ ಒಂದು ಪಾಲು ಕಡ್ಡಾಯವಾಗಿ ಸಲ್ಲುತ್ತಿತ್ತು, ಇಲ್ಲಿ ಭೂಮಿ ಮತ್ತು ಸುಂಕ ದಾನವಾಗಿ ಬರುತ್ತಿದ್ದವು. ಅಲ್ಲಿ ದೀಕ್ಷಾಸ್ನಾನ ಪಡೆದವರೆಲ್ಲ ಒಳಗೆ ಸೇರುತ್ತಿದ್ದರು, ಅಗ್ರಹಾರದ ಗುಡಿಯಲ್ಲಿ ಬಾಗಿಲು ಎಲ್ಲರಿಗೂ ಒಂದೇ ಸಮ ತೆರೆದಿರಲಿಲ್ಲ. ಕಲ್ಲು ಹೊತ್ತವರ ಹೆಸರು ಶಾಸನದಲ್ಲಿಲ್ಲ. ಆದರೆ ದುರಸ್ತಿಯ ವಿಷಯದಲ್ಲಿ ಎರಡೂ ಕಡೆಯ ವಿವೇಕ ಹತ್ತಿರವಾಗಿದೆ. ಇಂಗ್ಲೆಂಡಿನಲ್ಲಿ ಪೀಠದ ಭಾಗ ಪಾದ್ರಿಯ ಹೊಣೆ, ಜನ ನಿಲ್ಲುವ ಭಾಗ ಊರಿನವರ ಹೊಣೆಯಾಗಿತ್ತು. ನಮ್ಮ ದಾನಶಾಸನಗಳು ನಂದಾದೀಪ, ನೈವೇದ್ಯ, ಯತಿಗಳ ಊಟದ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದದ್ದನ್ನು ಸರಿಮಾಡುವುದಕ್ಕೆ, ಮೊದಲೇ ಆದಾಯ ಗೊತ್ತುಮಾಡಿದವು. 19ನೆಯ ಶತಮಾನದಲ್ಲಿ ಜೀರ್ಣೋದ್ಧಾರದ ಉತ್ಸಾಹದಲ್ಲಿ ಚರ್ಚುಗಳ ಹಳೆಯ ಗಾರೆ ಕೆರೆದು ಹಾಕುತ್ತಿದ್ದುದನ್ನು ತಡೆಯಲು ವಿಲಿಯಂ ಮಾರಿಸ್ 1877ರಲ್ಲಿ ಸಂಘ ಕಟ್ಟಿದ. ಸುಣ್ಣ, ಎಣ್ಣೆಬಣ್ಣ, ಸಿಮೆಂಟು ನಮ್ಮ ಊರಗುಡಿಗಳ ಅಕ್ಷರಗಳನ್ನು ಇಂದಿಗೂ ನುಂಗುತ್ತಿವೆ. ಗುಡಿಗೊಂದರಂತೆ ಶಾಸನ ಇರುವ ಜಾಗ, ಕಲ್ಲಿನ ಜಾತಿ, ಗೋಡೆಯ ಸಂದು, ದಾನಿಯ ಹೆಸರು ಇಷ್ಟನ್ನು ಒಂದೇ ನಕ್ಷೆಯಲ್ಲಿ ಗುರುತಿಸುವ ಕೆಲಸ ಬಾಗಳಿಯಿಂದಲೇ ಶುರುವಾಗಬಹುದು, ಮೂಲಸಾಮಗ್ರಿ ಅಲ್ಲಿ ಸಾಕಷ್ಟಿದೆ.